ಸಂಕಮ್ಮನ ಅಳಲೂ ಕ್ಯಾಸೆಟ್ಟಿನ ಅಳತೆಯೂ

ಹನೂರು ತಾಲ್ಲೂಕಿನ ರಾಮಾಪುರದ ಸುತ್ತಣ ಮಲೆಸೀಮೆಯಲ್ಲಿ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುತ್ತ ಬಂದಿರುವ ಮಾದೇಶ್ವರನ ಕಾವ್ಯದಲ್ಲಿ, ಪವಾಡಗಳ ಕೋಲಾಹಲವೆಷ್ಟಿದ್ದರೂ, ಕೇಳುಗರ ಹೃದಯವನ್ನು ಆರ್ದ್ರಗೊಳಿಸುವುದು ‘ಸಂಕಮ್ಮನ ಸಾಲು’ ಎಂಬ ಕಥಾಭಾಗವೇ ಎಂಬುದು ನನ್ನ ಮತ. ಜೇನಿಗೆಂದು ಕಾಡಿಗೆ ಹೊರಟ ಗಂಡ ನೀಲೇಗೌಡನು ಶೀಲವನ್ನು ಶಂಕಿಸಿ ಆಣೆಯಿಡೆಂದು ನಿರ್ಬಂಧಿಸಿದಾಗ ಒಲ್ಲೆನೆಂದ ಆಕೆಯ ಯಾತನೆಯನ್ನೂ, ಮಾದೇಶ್ವರನ ವರದಿಂದ ಆಕೆ ಕಾರಯ್ಯ ಬಿಲ್ಲಯ್ಯರನ್ನು ಪಡೆದ ಬಗೆಯನ್ನೂ ಗಾಯಕರು ಅವಸರವಿಲ್ಲದೆ ವಿಸ್ತರಿಸುವರು.

ಫಿಲಿಪ್ಸ್ ಕಂಪೆನಿಯು 1963ರಲ್ಲಿ ಹೊರತಂದ ಕ್ಯಾಸೆಟ್ಟು 1980ರ ದಶಕದಲ್ಲಿ ನಮ್ಮಲ್ಲಿ ಅಗ್ಗವಾಗಲು, ಗ್ರಾಮಫೋನ್ ಕಂಪೆನಿಯ ಪ್ರಾಬಲ್ಯ ಸಡಿಲಿ, ಅಲ್ಪ ಬಂಡವಾಳದ ಧ್ವನಿಮುದ್ರಣ ಸಂಸ್ಥೆಗಳು ತಲೆಯೆತ್ತಿ, ಜನಪದ ಗಾಯಕರಿಗೂ ಬಾಗಿಲು ತೆರೆಯಿತು. ಆದರೆ ಇರುಳೆಲ್ಲ ಹರಿಯುವ ಹಾಡನ್ನು 60 ನಿಮಿಷದ ಕ್ಯಾಸೆಟ್ಟಿನಲ್ಲಿ, ಒಂದು ಮಗ್ಗುಲಿಗೆ 30 ನಿಮಿಷದಂತೆ, ಅಡಕಮಾಡಹೊರಟರೆ ಹಿಮ್ಮೇಳದ ಪುನರಾವರ್ತನೆಯೂ ನಡುನಡುವಣ ವಚನವೂ ಮೊದಲು ಕತ್ತರಿಗೆ ಗುರಿಯಾಗದೆ ಗತ್ಯಂತರವಿಲ್ಲ. ಶೋಕಕ್ಕೆ ವಿಳಂಬವೇ ಜೀವಾಳವಾದುದರಿಂದ ಇದು ಅಲ್ಪ ನಷ್ಟವಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಸ್ವೀಡನ್ನಿನ ಲ್ಯಾಬ್ರಡಾರ್ ಎಂಬ ಪುಟ್ಟ ಧ್ವನಿಮುದ್ರಣ ಸಂಸ್ಥೆಯು ಲುಂಡ್ ನಗರದ ‘ದಿ ರೇಡಿಯೋ ಡಿಪಾರ್ಟ್‌ಮೆಂಟ್’ ತಂಡದ ವಿಷಣ್ಣ ಗೀತೆಗಳನ್ನು 2003ರಲ್ಲಿ ‘ಲೆಸ್ಸರ್ ಮ್ಯಾಟರ್ಸ್’ ಎಂಬ ಆಲ್ಬಮ್ಮಾಗಿ ಪ್ರಕಟಿಸಿದಾಗ ಈ ಸಂಕಟವಿರಲಿಲ್ಲ. ಅಂತಹ ಹಾಡು ಹುಟ್ಟುವುದೇ ಕೆಲವೇ ನಿಮಿಷಗಳ ಅಳತೆಗೆ. ನಮ್ಮ ಸಂಕಮ್ಮನನ್ನು ಸಮಗ್ರವಾಗಿ ಅರಿಯಬಯಸುವವರು ಪಿ.ಕೆ. ರಾಜಶೇಖರರು ಸಂಗ್ರಹಿಸಿದ ಕಾವ್ಯಪಾಠವನ್ನು ಎದುರಿಗಿಟ್ಟುಕೊಂಡೇ ಕ್ಯಾಸೆಟ್ಟನ್ನು ಕೇಳುವುದು ಲೇಸು.