ಹನ್ನೊಂದು ಮದುವೆಯ ಎಸ್‌ಎಸ್‌ಡಿ

ಡಿಸೆಂಬರ್‌ನಿಂದ ಫೆಬ್ರವರಿ ತನಕ ಹನ್ನೊಂದು ಮದುವೆಗಳಲ್ಲಿ ಬಡಿಸಿದ್ದೇನೆ. ವಧೂವರರು ಯಾರೆಂದು ಗೊತ್ತಿಲ್ಲ. ಆದರೆ ಯಾವ ಹಾಲ್‌ನಲ್ಲಿ ಸಾರಿನ ಬಕೆಟ್ ಹಿಡಿದು ಎಷ್ಟು ಮೆಟ್ಟಿಲು ಹತ್ತಬೇಕು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲೆ. ಕ್ಯಾಟರಿಂಗ್‌ಗೆ ಹೋಗುವುದು ನಮ್ಮ ಉಡುಪಿ ಕಡೆಯ ಕಾಲೇಜು ಹುಡುಗರಿಗೆ ಹೊಸತಲ್ಲ. ಒಬ್ಬ ಬೈಕಿಗೆ, ಇನ್ನೊಬ್ಬ ಪರೀಕ್ಷಾ ಶುಲ್ಕಕ್ಕೆ ಹೋಗುತ್ತಾನೆ. ನಾನು ಹೋದದ್ದು ಲ್ಯಾಪ್‌ಟಾಪ್‌ಗೆ ಒಂದು ಎಸ್‌ಎಸ್‌ಡಿ ಕೊಳ್ಳಲು.

ಲ್ಯಾಪ್‌ಟಾಪ್ ನನ್ನದಾದರೂ ಹೊಸದಲ್ಲ. ಮುಂಬೈಯಲ್ಲಿರುವ ದೊಡ್ಡಪ್ಪನ ಮಗ ಬಳಸಿ ಕೊಟ್ಟದ್ದು. ಪ್ರೊಸೆಸರ್ ಇನ್ನೂ ಗಟ್ಟಿಮುಟ್ಟಾಗಿತ್ತು, ಸೋತದ್ದು ಒಳಗಿನ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡಿ ಮಾಹಿತಿ ಹುಡುಕುವ ಸಣ್ಣ ತಲೆ. ಬೆಳಿಗ್ಗೆ ಸ್ವಿಚ್ ಒತ್ತಿ ಸ್ನಾನ ಮುಗಿಸಿ ಬಂದರೆ ಸರಿಯಾಗಿ ತೆರೆದುಕೊಂಡಿರುತ್ತಿತ್ತು. ಬಿ.ಇ. ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಇದು ಸಾಲದು ಎನಿಸಿತು.

ಅಂಗಡಿಗೆ ಹೋಗುವ ಮುನ್ನ ನಾನು ಓದಿದ್ದು ಒಂದೇ ವಿಷಯ, ವೇಗ. ಹಳೆಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 550ರಷ್ಟು ಓದುತ್ತದೆ. ಎನ್‌ವಿಎಂಇ ಮೂರನೇ ತಲೆಮಾರಿನದ್ದು 3,500ರವರೆಗೆ, ನಾಲ್ಕನೆಯದು 7,000ದವರೆಗೆ ಹೋಗುತ್ತದೆ. ಏಳು ಸಾವಿರ ಎಂಬ ಅಂಕಿ ಕಂಡ ಮೇಲೆ ಉಳಿದದ್ದು ಕಣ್ಣಿಗೆ ಬೀಳಲಿಲ್ಲ. ಹನ್ನೊಂದು ಮದುವೆಯ ದುಡ್ಡು ಒಂದೇ ಬಾರಿಗೆ ಹೋಯಿತು. ನನ್ನ ಲ್ಯಾಪ್‌ಟಾಪ್‌ನ ಸ್ಲಾಟ್ ಮೂರನೇ ತಲೆಮಾರಿನದ್ದು, ಅದರಲ್ಲಿ ಏನು ಕೂರಿಸಿದರೂ 3,500ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಎರಡು ಸಾಲಿನ ಮಾಹಿತಿ ಓದದ್ದಕ್ಕೆ ನಾಲ್ಕು ಮದುವೆ ದಂಡ!

ಆದರೂ ಮೊದಲ ದಿನದ ಖುಷಿಯೇ ಬೇರೆ. ಹದಿನೈದು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡಿತು. ನಿಜ ಹೇಳಬೇಕೆಂದರೆ ಈ ಖುಷಿಗೆ ಅಗ್ಗದ ಸಾಟಾ ಎಸ್‌ಎಸ್‌ಡಿ ಕೂಡ ಸಾಕಿತ್ತು. ದಿನನಿತ್ಯದ ಕೆಲಸದಲ್ಲಿ ನಮಗೆ ಗೊತ್ತಾಗುವುದು ಆ ಓಡಾಡುವ ತಲೆ ಇಲ್ಲವಾದದ್ದು, 550 ಮತ್ತು 7,000ದ ನಡುವಿನ ವ್ಯತ್ಯಾಸವಲ್ಲ. ಖುಷಿಯಲ್ಲೇ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕಪಾಟಿನಲ್ಲಿಟ್ಟೆ.

ನಮ್ಮ ಪ್ರಾಜೆಕ್ಟ್ ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೋ ನೋಡಿ ಗುರುತಿಸುವುದು. ನಾಲ್ವರ ತಂಡ. ತೋಟ ಸುತ್ತಿ ಫೋಟೋ ತೆಗೆದದ್ದು ನಾನು ಮತ್ತು ಇನ್ನೊಬ್ಬ. ಒಂದೊಂದು ಫೋಟೋದಲ್ಲಿ ಚುಕ್ಕಿ ಎಲ್ಲಿದೆ ಎಂದು ಗುರುತು ಹಾಕಿ ಕೊಟ್ಟದ್ದು ತಂಡದ ಇಬ್ಬರು ಹುಡುಗಿಯರು, ಅದು ಮೂರು ವಾರದ ಕೆಲಸ. ಎಲ್ಲವೂ ನನ್ನ ಹೊಸ ಡ್ರೈವ್‌ನಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ರಿವ್ಯೂಗೆ ಎರಡು ದಿನ ಇದ್ದಾಗ, ಏಪ್ರಿಲ್‌ನ ಸೆಕೆಯ ರಾತ್ರಿ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ದೊಡ್ಡ ಜಿಪ್ ಫೈಲ್ ಬಿಚ್ಚುತ್ತಿದ್ದೆ. ಹಿಂದೆಯೇ ಮಾಡೆಲ್ ಟ್ರೇನಿಂಗ್ ಕೂಡ ಓಡುತ್ತಿತ್ತು. ವೇಗ ಇಳಿಯಿತು, ಪರದೆ ನಿಂತಿತು, ನೀಲಿಯಾಯಿತು. ಮತ್ತೆ ಆನ್ ಮಾಡಿದರೆ ‘ಬೂಟ್ ಮಾಡಲು ಡ್ರೈವ್ ಇಲ್ಲ’ ಎಂದಿತು. ಕೈಯಿಟ್ಟರೆ ತಳಭಾಗ ಕಾದ ಕಾವಲಿ.

ಆಫ್ ಮಾಡಿ ಜಗಲಿಗೆ ಬಂದು ಕುಳಿತೆ. ಗೆಳತಿಯರಿಗೆ ಏನು ಹೇಳುವುದು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಎಲ್ಲೂರಿನವರಿಗೆ ಕತ್ತಲಲ್ಲಿ ನೋಡಲು ಇರುವುದು ಒಂದೇ, ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯ ಕೆಂಪು ದೀಪ. ತಲಾ 600 ಮೆಗಾವ್ಯಾಟ್‌ನ ಎರಡು ಘಟಕ. ಅದರ ಬಗ್ಗೆ ಊರಲ್ಲಿ ನೂರು ಮಾತಿದೆ, ಅದು ಇಲ್ಲಿ ಬೇಡ. ಥರ್ಮೊಡೈನಮಿಕ್ಸ್ ಪಾಠದ ಒಂದು ವಿಷಯ ಮಾತ್ರ ಆ ರಾತ್ರಿ ನೆನಪಾಯಿತು. ಇಂಥ ಸ್ಥಾವರದಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ ಆಗುವುದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ. ಉಳಿದದ್ದನ್ನು ನೀರಿಗೂ ಗಾಳಿಗೂ ದಾಟಿಸದೆ ಟರ್ಬೈನ್ ತಿರುಗಿಸಲಾಗದು. ಅಷ್ಟು ದೊಡ್ಡ ಯಂತ್ರಕ್ಕೇ ಬಿಸಿ ಹೊರಹಾಕುವ ದಾರಿ ಮೊದಲು ಬೇಕು. ನಾನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿಯನ್ನೇ ಮುಚ್ಚಿದ್ದೆ.

ಅರ್ಧ ಗಂಟೆ ಬಿಟ್ಟು ಒತ್ತಿದೆ. ಡ್ರೈವ್ ಬಂತು. ಒಂದು ಫೋಲ್ಡರ್ ಕೆಟ್ಟಿತ್ತು, ಉಳಿದದ್ದು ಇತ್ತು. ಕಪಾಟಿನ ಹಳೆಯ ಡಿಸ್ಕ್ ತೆಗೆದು ಎಲ್ಲವನ್ನೂ ಅದಕ್ಕೆ ನಕಲು ಮಾಡಿ ಮಲಗುವಾಗ ಮೂರೂವರೆ. ಮರುದಿನ ತಂಡಕ್ಕೆ ನಿಜ ಹೇಳಿದೆ. ಬೈಗುಳ ಬಂತು, ನ್ಯಾಯವಾದದ್ದೇ. ಕೆಟ್ಟ ಫೋಲ್ಡರ್‌ನ ಫೋಟೋಗಳಿಗೆ ಗುರುತು ಹಾಕುವ ಕೆಲಸ ನನ್ನ ಪಾಲಿಗೆ ಬಿತ್ತು.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಉಷ್ಣತೆ ನೋಡಿದೆ. ಸುಮ್ಮನಿದ್ದಾಗ 54 ಡಿಗ್ರಿ, ದೊಡ್ಡ ಫೈಲ್ ನಕಲು ಮಾಡುವಾಗ 80 ದಾಟಿತು. ಸಾಮಾನ್ಯವಾಗಿ ಇಂಥ ಡ್ರೈವ್‌ಗಳಿಗೆ ಕಂಪನಿಗಳು ಹೇಳುವ ಮಿತಿ 70ರ ಸುಮಾರು. ಅದರಾಚೆ ಹೋದರೆ ಡ್ರೈವ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಎಂಟು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಚಿಲ್ಲರೆ ಅಗಲದ ಪಟ್ಟಿ, ಜೋರು ಬರೆಯುವಾಗ ಆರೇಳು ವ್ಯಾಟ್ ತಿನ್ನುತ್ತದೆ. ಮನೆಯ ಎಲ್‌ಇಡಿ ಬಲ್ಬನ್ನು ಹೊತ್ತಿಸಿ ಪುಸ್ತಕದ ನಡುವೆ ಸಿಕ್ಕಿಸಿದಂತೆ! ಹೆಚ್ಚಿನ ಬಿಸಿ ಬರುವುದು ಮಾಹಿತಿ ಇರುವ ಚಿಪ್‌ಗಳಿಂದಲ್ಲ, ಅವನ್ನು ನಿಯಂತ್ರಿಸುವ ಕಂಟ್ರೋಲರ್‌ನಿಂದ. ಹಾಗೆಂದು ವೇಗ ಇಳಿದಾಗಲೆಲ್ಲ ಬಿಸಿಯನ್ನೇ ದೂರಬೇಡಿ. ಅನೇಕ ಡ್ರೈವ್‌ಗಳಲ್ಲಿ ಮೊದಲಷ್ಟು ಜಿಬಿ ಬರೆಯಲು ವೇಗದ ಕ್ಯಾಶ್ ಇರುತ್ತದೆ, ಅದು ತುಂಬಿದರೂ ವೇಗ ಬೀಳುತ್ತದೆ. ಅಂಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಮಾಡಿದ ರಿಪೇರಿ ದೊಡ್ಡದಲ್ಲ. ಫ್ಯಾನ್ ಬಿಚ್ಚಿದರೆ ಧೂಳು ಹತ್ತಿಯ ಹಾಗೆ ಮೆತ್ತಿತ್ತು. ನಮ್ಮ ಕರಾವಳಿಯ ತೇವಕ್ಕೆ ಧೂಳು ಅಂಟಿಕೊಳ್ಳುತ್ತದೆ, ಊದಿದರೆ ಹೋಗುವುದಿಲ್ಲ, ಬ್ರಷ್ ಬೇಕು. (ತೇವದಿಂದ ನಮಗೆ ಸೆಕೆಯಾಗುವುದು ಬೆವರು ಆರದೆ ಇರುವುದರಿಂದ. ಲ್ಯಾಪ್‌ಟಾಪ್ ಬೆವರುವುದಿಲ್ಲ, ಅದಕ್ಕೆ ಲೆಕ್ಕ ಕೋಣೆಯ ಉಷ್ಣತೆ ಮಾತ್ರ.) ಕಂಟ್ರೋಲರ್ ಮೇಲೆ ತೆಳು ಥರ್ಮಲ್ ಪ್ಯಾಡ್, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟೆ. ದಪ್ಪ ಪ್ಯಾಡ್ ಹಾಕಿ ಮುಚ್ಚಳ ಒತ್ತಿದರೆ ಡ್ರೈವ್ ಬಾಗುತ್ತದೆ, ಜಾಗ ಅಳೆದೇ ಕೊಳ್ಳಬೇಕು. ಮೇಜಿನ ಮೇಲೆ ಎರಡು ಗೆರಟೆ ಕವುಚಿ ಹಿಂಭಾಗ ಎತ್ತರಿಸಿದೆ. ಈಗ ಅದೇ ನಕಲು ಕೆಲಸಕ್ಕೆ 68 ದಾಟುವುದಿಲ್ಲ. ಇಷ್ಟರಲ್ಲಿ ಹೆಚ್ಚು ಪ್ರಯೋಜನವಾದದ್ದು ಗೆರಟೆಯಿಂದ ಎಂದು ನನ್ನ ಗುಮಾನಿ.

ಪ್ರಾಜೆಕ್ಟ್ ರಿವ್ಯೂ ಆಯಿತು, ಅಂಕ ಪರವಾಗಿಲ್ಲ. ಹಳೆಯ ಡಿಸ್ಕ್ ಯುಎಸ್‌ಬಿ ಕೇಸ್‌ನಲ್ಲಿ ಕೂತಿದೆ, ಪ್ರತಿ ಶನಿವಾರ ಅದಕ್ಕೆ ನಕಲು ಹೋಗುತ್ತದೆ. ಬೈದವರಲ್ಲಿ ಒಬ್ಬಳು ಈಗ ತನ್ನ ಲ್ಯಾಪ್‌ಟಾಪ್‌ಗೂ ಎಸ್‌ಎಸ್‌ಡಿ ಹಾಕಿಕೊಡು ಎಂದಿದ್ದಾಳೆ. ಅವಳದ್ದರಲ್ಲಿ ಎಂ.2 ಸ್ಲಾಟ್ ಇದೆ, ಆದರೆ ಅದು ಸಾಟಾ ಮಾತ್ರ ಒಪ್ಪುತ್ತದೆ. ಈ ಸಲ ಮೊದಲೇ ನೋಡಿದೆ. ಬಿಟ್‌ಲಾಕರ್ ಕೀಯನ್ನೂ ಬರೆದಿಟ್ಟುಕೋ ಎಂದಿದ್ದೇನೆ. ಭಾನುವಾರ ಬಿಚ್ಚುವುದು. ತಳದಲ್ಲಿ ಹನ್ನೆರಡು ಸ್ಕ್ರೂ ಇವೆ, ಒಂದೊಂದು ಒಂದೊಂದು ಅಳತೆ. ಅಮ್ಮನ ಹತ್ತಿರ ಇಡ್ಲಿ ತಟ್ಟೆ ಕೇಳಬೇಕು.