ಉಗುರಿಗೆ ಸಿಗದ ಸಾಲು

ಬಲಗೈ ಹೆಬ್ಬೆರಳಿನ ಉಗುರನ್ನು ಕಾಕಾ ಪೂರ್ತಿ ಕತ್ತರಿಸುವುದಿಲ್ಲ. ಅಕ್ಕಿಕಾಳಿನ ಅಗಲದಷ್ಟು ಬಿಟ್ಟಿರುತ್ತಾರೆ. ಲೇಥ್ ನಿಲ್ಲಿಸಿ, ಕಬ್ಬಿಣ ಹಿಡಿದಿಡುವ ಚಕ್ ತಿರುಗುವುದು ಪೂರಾ ನಿಂತ ಮೇಲೆ, ಆಗಷ್ಟೇ ಕಡೆದ ಶಾಫ್ಟನ್ನು ಬಟ್ಟೆಯಿಂದ ಒರೆಸಿ, ಆ ಉಗುರಿನ ತುದಿಯನ್ನು ಉದ್ದಕ್ಕೆ ನಿಧಾನವಾಗಿ ಎಳೆಯುತ್ತಾರೆ. ಆಗ ಅವರ ಕಣ್ಣು ಶಾಫ್ಟಿನ ಮೇಲಿರುವುದಿಲ್ಲ, ಬಾಗಿಲಾಚೆ ಎಲ್ಲೋ ನೆಟ್ಟಿರುತ್ತದೆ. ಉಗುರು ‘ಕರ್ರ್’ ಎಂದರೆ ಇನ್ನೊಂದು ಕಟ್ ಬೇಕು. ಸುಮ್ಮನೆ ಜಾರಿದರೆ ಕೆಲಸ ಮುಗಿಯಿತು.

‘ಕಣ್ಣಿಗೆ ಹೊಳಪಷ್ಟ ಕಾಣ್ತೈತ್ರಿ. ಉಗುರಿಗೆ ಖರೇ ಏನೈತಿ ಅದು ತಿಳೀತೈತಿ’ ಎನ್ನುತ್ತಾರೆ.

ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳ ಸದ್ದಿನ ನಡುವೆ ಅವರ ಅಂಗಡಿ. ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷಿನ್, ಮೂಲೆಯಲ್ಲೊಂದು ಗ್ರೈಂಡರ್. ಹೆಸರು ಹಾಕುವುದು ಬೇಡ ಎಂದರು. ಗಿರಾಕಿಗಳಿಗೆಲ್ಲ ಅವರು ಕಾಕಾ, ಅಷ್ಟು ಸಾಕಂತೆ. ಬಾಗಿಲ ಬಳಿ ಸಾಲಾಗಿ ಕೂತಿರುವ ಕೆಲಸಗಳನ್ನು ನೋಡಿದರೆ ಸುತ್ತಲಿನ ನಾಲ್ಕು ತಾಲ್ಲೂಕುಗಳ ಬದುಕೇ ಅಲ್ಲಿ ಬಂದು ಕೂತಂತಿದೆ. ಸೀರೆ ನೇಯುವ ಮಗ್ಗದ ಸವೆದ ಕ್ರ್ಯಾಂಕ್, ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣದ ಬುಶ್, ಜಮಖಂಡಿ ಕಡೆಯಿಂದ ಬಂದ ಪಂಪಿನ ಶಾಫ್ಟ್, ಬೀಳಗಿಯ ಟ್ರ್ಯಾಕ್ಟರ್ ಟ್ರೇಲರಿನ ಪಿನ್ನು, ಮುಧೋಳದಿಂದ ಯಾರೋ ಬೈಕಿನ ಹಿಂದೆ ಕಟ್ಟಿಕೊಂಡು ತಂದ ಗೇರ್‌ಬಾಕ್ಸಿನ ತುಂಡು. ಮುಧೋಳ ಎಂದರೆ ನಾಡಿಗೆ ನಾಯಿ ನೆನಪಾಗುತ್ತದೆ, ರನ್ನ ನೆನಪಾಗುತ್ತಾನೆ. ಜಮಖಂಡಿ ಎಂದರೆ ಪಟವರ್ಧನರ ಸಂಸ್ಥಾನ. ಈ ಸೀಮೆಯ ಮಗ್ಗ, ಗಾಣ, ಪಂಪುಗಳನ್ನು ತಿರುಗಿಸುತ್ತಲೇ ಇಟ್ಟಿರುವ ಇಂಥ ಅಂಗಡಿಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಶಾಫ್ಟು ಅಳತೆಗೆ ಸರಿಯಾಗಿ ಕೂತರೆ ಸಾಲದೆ? ಮೈ ನುಣುಪಾಗಿಯೇ ಇರಬೇಕೆಂಬ ಹಟ ಏಕೆ? ಉತ್ತರ ಪಂಪಿನಲ್ಲಿದೆ. ನೀರು ಹೊರಗೆ ಸೋರದಂತೆ ಶಾಫ್ಟಿನ ಸುತ್ತ ಗ್ಲ್ಯಾಂಡಿನ ಹಗ್ಗ ಬಿಗಿದಿರುತ್ತಾರೆ. ಶಾಫ್ಟಿನ ಮೈ ತರಿತರಿಯಾಗಿದ್ದರೆ ಅದು ಅರದಂತೆ ಆ ಹಗ್ಗವನ್ನು ತಿನ್ನುತ್ತದೆ. ರೈತ ಗ್ಲ್ಯಾಂಡ್ ಬಿಗಿಯುತ್ತಾನೆ, ಶಾಫ್ಟು ಕಾಯುತ್ತದೆ, ಮತ್ತೆ ಸೋರುತ್ತದೆ. ಮಗ್ಗದಲ್ಲಿ ಇನ್ನೂ ಸೂಕ್ಷ್ಮ. ಹಾಸಿನ ನೂಲು ಹಾದು ಬರುವ ಬ್ಯಾಕ್‌ರೆಸ್ಟಿನ ಮೇಲೆ ಕೂದಲೆಳೆಯಷ್ಟು ಮುಳ್ಳು ಎದ್ದಿದ್ದರೂ ಎಳೆ ಹರಿಯುತ್ತದೆ. ಅದಕ್ಕೇ ಮಗ್ಗದ ಕೆಲಸವಾದರೆ ಕಾಕಾ ಉಗುರಿನ ಜೊತೆಗೆ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಚಿಟಿಕೆ ಹತ್ತಿಯನ್ನು ಮೈಮೇಲೆ ಸವರುತ್ತಾರೆ. ಎಲ್ಲಾದರೂ ಒಂದು ನಾರು ಸಿಕ್ಕಿಕೊಂಡು ನಿಂತರೆ ಅಲ್ಲಿ ಮುಳ್ಳಿದೆ ಎಂದರ್ಥ.

ಹಾಗೆಂದು ಎಲ್ಲವೂ ನುಣುಪಾಗಬೇಕಿಲ್ಲ. ಅದೇ ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಎಳೆದುಕೊಳ್ಳುವ ರೋಲರ್ ಒರಟಾಗಿಯೇ ಇರಬೇಕು, ಇಲ್ಲದಿದ್ದರೆ ಬಟ್ಟೆ ಜಾರುತ್ತದೆ. ಸಕ್ಕರೆ ಕಾರ್ಖಾನೆಯ ರೋಲರುಗಳದ್ದು ಇನ್ನೂ ಸೊಗಸಿನ ಕತೆ. ಕಬ್ಬನ್ನು ಕಚ್ಚಿ ಎಳೆಯಲೆಂದು ಅವುಗಳ ಹಲ್ಲಿನ ಮೇಲೆ ವೆಲ್ಡಿಂಗಿನಿಂದ ಬೇಕೆಂದೇ ಹನಿಹನಿಯಾಗಿ ಲೋಹ ಕೂರಿಸಿ ಒರಟು ಮಾಡುತ್ತಾರೆ. ಅದೇ ರೋಲರಿನ ಎರಡು ತುದಿಗಳು, ಬೇರಿಂಗಿನಲ್ಲಿ ಕೂರುವ ಭಾಗ, ಕನ್ನಡಿಯಂತಿರಬೇಕು. ಒಂದೇ ರೋಲರು, ಹೊಟ್ಟೆಯಲ್ಲಿ ಮುಳ್ಳು, ಕತ್ತಿನಲ್ಲಿ ನುಣುಪು.

ಆ ದಿನ ಚಕ್ಕಿನಲ್ಲಿ ಇದ್ದದ್ದು ಪಂಪಿನ ಶಾಫ್ಟು, 50 ಮಿಲಿಮೀಟರ್ ದಪ್ಪದ್ದು. ನದಿದಂಡೆಯ ರೈತರೊಬ್ಬರು ಬೆಂಚಿನ ಮೇಲೆ ಚಹಾ ಹಿಡಿದು ಕೂತಿದ್ದರು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗನಿಗೆ ಕಾಕಾ ಹೇಳುತ್ತಿದ್ದ ಪಾಠವನ್ನೇ ಅವರೂ ಕೇಳಿಸಿಕೊಂಡರು.

ಲೇಥಿನಲ್ಲಿ ಜಾಬ್, ಅಂದರೆ ಕಡೆಯಬೇಕಾದ ಕಬ್ಬಿಣ, ತಿರುಗುತ್ತದೆ, ಟೂಲ್ ಅದರ ಉದ್ದಕ್ಕೆ ಸರಿಯುತ್ತದೆ. ಹಾಗಾಗಿ ಮೈಮೇಲೆ ಬೀಳುವುದು ಒಂದೇ ಉದ್ದನೆಯ ಸುರುಳಿ ಸಾಲು. ಕಬ್ಬಿನ ಹೊಲದಲ್ಲಿ ಸಾಲು ಬಿಟ್ಟ ಹಾಗೆ: ತಗ್ಗು, ಬೋದು, ಮತ್ತೆ ತಗ್ಗು. ಒಂದು ಸುತ್ತಿಗೆ ಟೂಲ್ ಎಷ್ಟು ಸರಿಯುತ್ತದೋ ಅದು ಫೀಡ್. ಬೋದಿನ ಎತ್ತರಕ್ಕೆ ಒಂದು ಸರಳ ಲೆಕ್ಕವಿದೆ. ಫೀಡಿನ ವರ್ಗವನ್ನು ಟೂಲಿನ ದುಂಡನೆಯ ತುದಿಯ, ಅಂದರೆ ಮೂಗಿನ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಬೇಕು. ಮೂಗು 0.4 ಮಿಲಿಮೀಟರ್, ಫೀಡ್ 0.2 ಇದ್ದರೆ ಬೋದು 12.5 ಮೈಕ್ರಾನ್. ಫೀಡನ್ನು ಅರ್ಧಕ್ಕಿಳಿಸಿದರೆ ಬೋದು ಕಾಲು ಭಾಗಕ್ಕೆ, ಸುಮಾರು 3 ಮೈಕ್ರಾನಿಗೆ ಇಳಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾಕಾನ ಉಗುರು ಓದುವುದು ಇಂಥ ಬೋದುಗಳನ್ನು.

ಮೂಗು ದುಂಡಗಾದಷ್ಟೂ ಬೋದು ತಗ್ಗುತ್ತದೆ. ಹಾಗಾದರೆ ಅದನ್ನೇ ಇನ್ನೂ ದುಂಡಗೆ ಮಾಡಿದರಾಯಿತಲ್ಲ? ಹುಡುಗ ಕೇಳಿದ ಪ್ರಶ್ನೆಯೂ ಇದೇ. ದುಂಡು ಮೂಗು ಜಾಬನ್ನು ಹೆಚ್ಚು ಒತ್ತುತ್ತದೆ. ಶಾಫ್ಟು ಉದ್ದವಿದ್ದರೆ ನಡುವೆ ಬಾಗುತ್ತದೆ, ಅದುರಲು ಶುರುವಾಗುತ್ತದೆ. ಅದುರಿದ ಮೈಮೇಲೆ ಹಾವಿನ ಹೊಟ್ಟೆಯಂತೆ ಪಟ್ಟೆ ಬೀಳುತ್ತದೆ. ಅದಕ್ಕೇ ಕಾಕಾ ಮೊದಲು ನೋಡುವುದು ಟೂಲನ್ನಲ್ಲ, ಮಷಿನ್ನನ್ನು: ಸ್ಲೈಡ್ ಸಡಿಲಾಗಿದೆಯೇ, ಟೇಲ್‌ಸ್ಟಾಕಿನ ಸೆಂಟರ್ ಬಿಗಿಯಾಗಿದೆಯೇ, ಟೂಲ್ ಹಿಡಿಕೆಯಿಂದ ಬಹಳ ಹೊರಗೆ ಚಾಚಿದೆಯೇ, ಅದರ ತುದಿ ಸೆಂಟರಿನ ಎತ್ತರಕ್ಕೇ ನಿಂತಿದೆಯೇ.

ಅದುರುವಿಕೆ ಮೊದಲ ಶತ್ರುವಾದರೆ ಎರಡನೆಯದು ಮೆತ್ತನೆಯ ಕಬ್ಬಿಣ. ವೇಗ ಕಡಿಮೆಯಾದರೆ ಅದು ಕತ್ತರಿಸಿಕೊಳ್ಳುವ ಬದಲು ಟೂಲಿನ ತುದಿಗೆ ಅಂಟಿಕೊಳ್ಳುತ್ತದೆ. ಅಂಟಿದ ತುಣುಕೇ ಮೊಂಡು ಟೂಲಾಗಿ ಮೈಯನ್ನು ಹರಿದು ಗಾಯ ಮಾಡುತ್ತದೆ. ಕಾರ್ಬೈಡ್ ಟೂಲಿಗೆ ಇದರ ಮದ್ದು ವೇಗ. 50 ಮಿಲಿಮೀಟರ್ ಶಾಫ್ಟಿಗೆ ಹೈಸ್ಪೀಡ್ ಸ್ಟೀಲ್ ಟೂಲ್ ಇಟ್ಟು ನಿಮಿಷಕ್ಕೆ 190 ಸುತ್ತಿನ ಆಸುಪಾಸು ಓಡಿಸಿದರೆ, ಕಾರ್ಬೈಡಿಗೆ ಅದರ ನಾಲ್ಕು ಪಟ್ಟು ಓಡಿಸಬಹುದು. ಕಾರ್ಬೈಡನ್ನು ಇಲ್ಲಿ ಎಲ್ಲರೂ ‘ವಿಡಿಯಾ’ ಎನ್ನುತ್ತಾರೆ. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರದು, ‘ವಜ್ರದಂತೆ’ ಎಂಬ ಜರ್ಮನ್ ಮಾತಿನಿಂದ ಕಟ್ಟಿದ್ದು. ಬನಹಟ್ಟಿಯ ಓಣಿಯಲ್ಲಿ ಅದು ಈಗ ಅಪ್ಪಟ ಕನ್ನಡ ಪದ.

ಆದರೆ ಕೊನೆಯ ಕಟ್ಟಿಗೆ ಕಾಕಾ ವಿಡಿಯಾವನ್ನು ಪಕ್ಕಕ್ಕಿಟ್ಟರು. ಗೂಡಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಹೈಸ್ಪೀಡ್ ಸ್ಟೀಲಿನ ಹಳೆಯ ಟೂಲೊಂದನ್ನು ತೆಗೆದರು. ಗ್ರೈಂಡರಿಗೆ ಹಿಡಿದು, ಆಗಾಗ ನೀರಿಗೆ ಅದ್ದಿ, ಓರೆಯಾಗಿ ಅಂಚು ಕೊಟ್ಟರು. ನಮಗೆ ಅಲ್ಲಿಗೇ ಧಾರೆ ಬಂತು ಅನಿಸುತ್ತದೆ. ಅವರ ಕೆಲಸ ಶುರುವಾದದ್ದೇ ಆಗ. ಅಂಗೈಯಗಲದ ಎಣ್ಣೆಕಲ್ಲಿನ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಆ ಅಂಚನ್ನು ಮೆಲ್ಲಗೆ ಉಜ್ಜತೊಡಗಿದರು. ಗ್ರೈಂಡರಿನ ಕಲ್ಲು ಬಿಟ್ಟ ಗೀರು ಟೂಲಿನ ಅಂಚಿನಲ್ಲಿ ಉಳಿದರೆ ಅದೇ ಗೀರು ಶಾಫ್ಟಿನ ಮೇಲೆ ಅಚ್ಚಾಗುತ್ತದೆ. ಹತ್ತು ನಿಮಿಷ ಉಜ್ಜಿದರು. ರೈತರ ಚಹಾ ಆರಿತು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಮೊಂಡಾದ ಅಂಚು ಮಿಂಚುತ್ತದೆ, ಹರಿತವಾದ ಅಂಚು ಕಾಣುವುದೇ ಇಲ್ಲ. ಅವರು ಹುಡುಕುತ್ತಿದ್ದದ್ದು ಆ ಕಾಣದ ಗೆರೆಯನ್ನು.

ಟೂಲನ್ನು ನೆಟ್ಟಗೆ ಕಟ್ಟದೆ, ಅಂಚು ಶಾಫ್ಟಿಗೆ ಓರೆಯಾಗಿ ತಾಗುವಂತೆ ಕಟ್ಟಿದರು. ಈಳಿಗೆಮಣೆಯ ಮೇಲೆ ಕಾಯಿಯನ್ನು ಒತ್ತುವುದಿಲ್ಲ, ಓರೆಯಾಗಿ ಎಳೆಯುತ್ತೇವೆ. ಅದೇ ಉಪಾಯ. ಫೀಡ್ ತೀರಾ ಸಣ್ಣದು, ಆಳ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟೇ. ಬ್ರಶ್ಶಿನಿಂದ ಎಣ್ಣೆ ಸವರುತ್ತ ಲಿವರ್ ಒತ್ತಿದರು. ಅಲ್ಲಿಯವರೆಗೆ ನೀಲಿ ಸುರುಳಿ ಉದುರಿಸುತ್ತಿದ್ದ ಲೇಥ್ ಈಗ ಉಣ್ಣೆಯ ಎಳೆಯಂಥ ನವಿರು ತಂತು ಬಿಡತೊಡಗಿತು. ಟೂಲ್ ದಾಟಿಹೋದ ಕಡೆ ಬಲ್ಬಿನ ಪ್ರತಿಬಿಂಬ ಒಂದೇ ಗೆರೆಯಾಗಿ ನಿಂತಿತು.

ಇಂಥ ತೆಳು ಕಟ್ಟನ್ನು ಸಾಧಾರಣ ವಿಡಿಯಾದಲ್ಲಿ ತೆಗೆಯಲು ಹೋದರೆ ಅದು ಕಡಿಯುವುದಿಲ್ಲ, ಉಜ್ಜುತ್ತದೆ. ವಿಡಿಯಾದಲ್ಲಿ ಕೆಲಸ ಮಾಡುವಾಗ ಕೊನೆಯ ಕಟ್ ಎಂದು ಭಯಪಟ್ಟು ತೀರಾ ಕಡಿಮೆ ಲೋಹ ಉಳಿಸುವುದು ಹೊಸಬರೆಲ್ಲ ಮಾಡುವ ತಪ್ಪು ಎನ್ನುತ್ತಾರೆ ಕಾಕಾ. ಎಮರಿ ಪೇಪರಿನ ಬಗ್ಗೆ ಅವರದು ಇನ್ನೂ ಕಟುವಾದ ಮಾತು. ಎಮರಿ ಹೊಳಪು ತರುತ್ತದೆ, ಬಿದ್ದ ಅಲೆಗಳನ್ನು ಅಳಿಸುವುದಿಲ್ಲ. ತಿರುಗುವ ಶಾಫ್ಟಿಗೆ ಪೇಪರ್ ಸುತ್ತಿ ಮುಷ್ಟಿಯಲ್ಲಿ ಹಿಡಿದರೆ ಕೈಯನ್ನೇ ಒಳಗೆಳೆಯುತ್ತದೆ. ಬೆರಳಿಗೆ ಸುತ್ತದೆ, ಪಟ್ಟಿಯ ಎರಡು ತುದಿಗಳನ್ನು ಎರಡು ಕೈಯಲ್ಲಿ ಸಡಿಲವಾಗಿ ಹಿಡಿಯಬೇಕೆಂದು ಹುಡುಗನಿಗೆ ಆ ದಿನವೇ ಎರಡು ಸಲ ಹೇಳಿದರು.

ಆಯಿಲ್ ಸೀಲ್ ಕೂರುವ ಶಾಫ್ಟಾದರೆ ಕಾಕಾ ತಮ್ಮ ಲೇಥನ್ನೇ ನಂಬುವುದಿಲ್ಲ, ಗ್ರೈಂಡಿಂಗಿಗೆ ಕಳಿಸಿಬಿಡುತ್ತಾರೆ. ಲೇಥಿನ ಸಾಲು ಎಷ್ಟೇ ಸಣ್ಣದಾದರೂ ಸುರುಳಿಯೇ. ಶಾಫ್ಟು ತಿರುಗುವಾಗ ಅದು ಸ್ಕ್ರೂವಿನಂತೆ ವರ್ತಿಸಿ ಎಣ್ಣೆಯನ್ನು ಸೀಲಿನಾಚೆಗೆ ದೂಡಬಲ್ಲದು. ಅಲ್ಲಿ ಬೇಕಾದ ನುಣುಪು ಎಂದರೆ ಮೈಯ ಏರಿಳಿತ ಸರಾಸರಿ 0.2ರಿಂದ 0.8 ಮೈಕ್ರಾನ್. ಅದಕ್ಕಿಂತಲೂ ನುಣುಪಾದರೆ ಎಣ್ಣೆಯ ಪದರ ನಿಲ್ಲದೆ ಸೀಲೇ ಸುಡುತ್ತದೆ. ಎಷ್ಟು ನುಣುಪು ಸಾಕು ಎಂಬುದನ್ನು ತಿಳಿಯುವುದೂ ಈ ಕಸುಬಿನ ಭಾಗ.

ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಅಳೆಯಲು ವಜ್ರದ ಮೊನೆಯ ಉಪಕರಣಗಳಿವೆ. ಇಂಗ್ಲೆಂಡಿನ ಟೇಲರ್-ಹಾಬ್ಸನ್ ಕಂಪನಿಯ ‘ಟ್ಯಾಲಿಸರ್ಫ್’ 1941ರಲ್ಲಿ ಬಂತು. ಒಂದು ಮೊನೆಯನ್ನು ಮೈಮೇಲೆ ಎಳೆದು ಏರಿಳಿತ ದಾಖಲಿಸುವುದು ಅದರ ಕೆಲಸ. ಕಾಕಾನ ಉಗುರು ಮಾಡುವುದೂ ಅದನ್ನೇ. ಇದು ಬರೀ ಹಳ್ಳಿಯ ಜಾಣತನವೂ ಅಲ್ಲ. ಬೇರೆಬೇರೆ ಒರಟುತನದ ಲೋಹದ ನಮೂನೆ ಪಟ್ಟಿಗಳನ್ನು ಪಕ್ಕದಲ್ಲಿಟ್ಟು, ಉಗುರಿನಿಂದ ಹೋಲಿಸಿ ನೋಡುವುದು ಎಂಜಿನಿಯರುಗಳೂ ಒಪ್ಪುವ ವಿಧಾನ.

ಲೇಥ್ ಈ ಭಾಗಕ್ಕೆ ಪರಕೀಯವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, 1910ರಲ್ಲಿ ಕಾರ್ಖಾನೆಯ ಊರಾದ ಕಿರ್ಲೋಸ್ಕರವಾಡಿ ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಕೆಗೆ ಕೈಹಾಕಿತು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ. ಇತ್ತ ನೀರಾವರಿ ಬೆಳೆದಂತೆ ಲೇಥ್ ಕೆಲಸವೂ ಬೆಳೆಯಿತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ಮೇಲೆ ಕೃಷ್ಣೆಯ ದಂಡೆಯಲ್ಲಿ ಕಬ್ಬು ಹಬ್ಬಿತು. ಕಬ್ಬಿನ ಹಿಂದೆ ಪಂಪು, ಪಂಪಿನ ಹಿಂದೆ ಸವೆದ ಶಾಫ್ಟು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ದಂಡೆಯ ಪಂಪ್‌ಸೆಟ್‌ಗಳು ಕೆಸರಲ್ಲಿ ಹೂತವು. ಕಾಕಾ ಆ ವರ್ಷದ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಶಾಫ್ಟುಗಳು ರಾಶಿಯಾಗಿ ಬಿದ್ದಿದ್ದವು ಎಂದಷ್ಟೇ ಹೇಳಿ ಸುಮ್ಮನಾದರು.

ಹರಿಹರದ ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿವೆ. ಶಟಲ್ ಇಲ್ಲದ ಹೊಸ ಮಗ್ಗಗಳು ಬಂದಂತೆ ಹಳೆಯ ಮಗ್ಗದ ಕ್ರ್ಯಾಂಕುಗಳು ಗುಜರಿಗೆ ಹೋಗುತ್ತಿವೆ. ಸವೆದದ್ದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ಹಾಕುವುದೇ ಲೇಸು ಎನ್ನುವ ಗಿರಾಕಿಗಳು ಹೆಚ್ಚು. ಕರೆಂಟಿನ ಕಾಟ ಬೇರೆ. ಕೊನೆಯ ಕಟ್ಟಿನ ನಡುವೆ ಕರೆಂಟ್ ಹೋದರೆ ಟೂಲ್ ನಿಂತ ಜಾಗದಲ್ಲಿ ಉಂಗುರದಂಥ ಗುರುತು ಬೀಳುತ್ತದೆ, ಮತ್ತೆ ಮೊದಲಿನಿಂದ. ಹತ್ತು ನಿಮಿಷ ಎಣ್ಣೆಕಲ್ಲಿಗೆ ಉಜ್ಜಿದ್ದಕ್ಕೆ ಯಾವ ಗಿರಾಕಿಯೂ ಬೇರೆ ದುಡ್ಡು ಕೊಡುವುದಿಲ್ಲ. ಈ ಕಸುಬು ಉಳಿಯಬೇಕಾದರೆ ಐಟಿಐ ಟರ್ನರ್ ಮುಗಿಸಿದ ಹುಡುಗರಿಗೆ ಇಂಥ ಅಂಗಡಿಯಲ್ಲಿ ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಕೂರಿಸುವ ವ್ಯವಸ್ಥೆ ಜಿಲ್ಲೆಯಲ್ಲಿ ಆಗಬೇಕು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ನಿಗೂ ಫೀಡ್ ಎಷ್ಟು, ಮೂಗು ಎಷ್ಟು ಎಂದು ಹೇಳಬೇಕಾದವನು ಮನುಷ್ಯನೇ. ಉಗುರಿನಿಂದ ಕಲಿತವನು ಅದನ್ನು ಚೆನ್ನಾಗಿ ಹೇಳುತ್ತಾನೆ.

ಕಾಕಾನ ಹುಡುಗನೂ ಬರುವ ತಿಂಗಳು ಬೆಳಗಾವಿಗೆ ಹೊರಟಿದ್ದಾನೆ, ಸಿಎನ್‌ಸಿ ಕೆಲಸಕ್ಕೆ. ಮಷಿನ್ ನಿಂತ ಮೇಲೆ ಕಾಕಾ ಶಾಫ್ಟನ್ನು ಒರೆಸಿ, ತಾವು ಮುಟ್ಟದೆ ಅವನ ಕಡೆ ನೋಡಿದರು. ಅವನು ಉಗುರು ಎಳೆದ. ಎರಡನೆಯ ಸಲ ಇನ್ನೂ ನಿಧಾನವಾಗಿ ಎಳೆದ.

‘ಏನೂ ಹತ್ತವಲ್ದು ಕಾಕಾ.’

‘ಹೌದಿಲ್ಲೊ’ ಎಂದರು ಕಾಕಾ, ಟೂಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ.

ರೈತರು ಶಾಫ್ಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡರು. ಸಂಜೆಯೊಳಗೆ ಅದು ಪಂಪಿನೊಳಗೆ ಕೂತು, ಗ್ಲ್ಯಾಂಡಿನ ಹಗ್ಗದಡಿ ಮರೆಯಾಗಲಿತ್ತು. ಹುಡುಗ ಪೊರಕೆ ತಂದು ಲೇಥಿನ ಕೆಳಗೆ ಉದುರಿದ್ದ ನವಿರು ತಂತುಗಳನ್ನು ಗುಡಿಸತೊಡಗಿದ. ಓಣಿಯಲ್ಲಿ ಮಗ್ಗಗಳು ನಡೆದೇ ಇದ್ದವು.