ಒಂದು ಬ್ಯಾಂಕಿನ ಹಟದಿಂದ ಹುಟ್ಟಿದ ಸ್ವಿಫ್ಟ್‌ ಕೋಡ್‌

ವಿದೇಶದಿಂದ ಹಣ ತರಿಸಿಕೊಳ್ಳುವಾಗ ಬೇಕಾಗುವ ಸ್ವಿಫ್ಟ್‌ ಕೋಡ್‌, ಅಂದರೆ ಬಿಐಸಿ, ಎಂಟು ಅಥವಾ ಹನ್ನೊಂದು ಅಕ್ಷರಗಳ ಗುರುತು. ಈ ಕೋಡ್‌ ಬರುವ ಮೊದಲು ಬ್ಯಾಂಕುಗಳ ನಡುವಿನ ಈ ವ್ಯವಹಾರ ಟೆಲೆಕ್ಸ್‌ ಯಂತ್ರವನ್ನು ನಂಬಿಕೊಂಡಿತ್ತು. ಯಾರಿಗೆ, ಎಷ್ಟು, ಯಾವ ಖಾತೆಯಿಂದ ಎಂಬುದನ್ನೆಲ್ಲ ಪೂರ್ಣ ವಾಕ್ಯಗಳಲ್ಲಿ ಬರೆಯಬೇಕಿತ್ತು. ಸಂದೇಶ ಅಸಲಿ ಎಂದು ತೋರಿಸಲು ಮೊತ್ತ, ದಿನಾಂಕ, ಕರೆನ್ಸಿಗೆ ಗುಪ್ತ ಕೋಷ್ಟಕದ ಅಂಕಿಗಳನ್ನು ಹಿಡಿದು ‘ಟೆಸ್ಟ್‌ ಕೀ’ ಕಟ್ಟಬೇಕಿತ್ತು. ಆ ಕಡೆಯ ಗುಮಾಸ್ತರು ಅದೇ ಲೆಕ್ಕ ಮಾಡಿ ತಾಳೆ ನೋಡುತ್ತಿದ್ದರು.

1970ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಫಸ್ಟ್‌ ನ್ಯಾಷನಲ್‌ ಸಿಟಿ ಬ್ಯಾಂಕ್‌, ಅಂದರೆ ಈಗಿನ ಸಿಟಿಬ್ಯಾಂಕ್‌, ಯಂತ್ರ ಓದಬಲ್ಲ ‘ಮಾರ್ಟಿ’ ಎಂಬ ಸಂದೇಶ ಪದ್ಧತಿಯನ್ನು ರೂಪಿಸಿತು. ತನ್ನೊಡನೆ ವ್ಯವಹರಿಸುವ ಬ್ಯಾಂಕುಗಳೂ ಅದನ್ನೇ ಬಳಸಬೇಕೆಂದು ಪಟ್ಟುಹಿಡಿಯಿತು. ಯೋಚನೆ ಕಾಲಕ್ಕೆ ತಕ್ಕದ್ದೇ. ಆದರೆ ಪದ್ಧತಿಯ ಜುಟ್ಟು ಪ್ರತಿಸ್ಪರ್ಧಿಯೊಬ್ಬನ ಕೈಯಲ್ಲಿದ್ದರೆ ನಾಳೆ ತಮ್ಮ ಗತಿಯೇನು ಎಂಬ ಆತಂಕ ಯುರೋಪಿನ ಬ್ಯಾಂಕುಗಳನ್ನು ಕಾಡಿತು. ಅಲ್ಲಿಯವರೆಗೆ ಕುಂಟುತ್ತಿದ್ದ ಒಗ್ಗಟ್ಟಿನ ಮಾತುಕತೆಗೆ ಈ ಆತಂಕವೇ ಬಲ ತಂದಿತು. 1973ರ ಮೇ 3ರಂದು 15 ದೇಶಗಳ 239 ಬ್ಯಾಂಕುಗಳು ಸೇರಿ ಬ್ರಸೆಲ್ಸ್‌ನಲ್ಲಿ ‘ಸ್ವಿಫ್ಟ್‌’ ಸಹಕಾರಿ ಸಂಸ್ಥೆಯನ್ನು ಕಟ್ಟಿದವು. 1977ರ ಮೇ 9ರಂದು ಬೆಲ್ಜಿಯಂನ ರಾಜಕುಮಾರ ಆಲ್ಬರ್ಟ್‌ ಮೊದಲ ಸಂದೇಶ ಕಳುಹಿಸಿದರು. ಭಾರತದ ಬ್ಯಾಂಕುಗಳು ಈ ಜಾಲಕ್ಕೆ ಬಂದದ್ದು 1991ರಲ್ಲಿ.

ಯಂತ್ರಕ್ಕೆ ವಾಕ್ಯ ಬೇಕಿಲ್ಲ, ತಪ್ಪಿಲ್ಲದ ವಿಳಾಸ ಬೇಕು; ಸ್ವಿಫ್ಟ್‌ ಕೋಡ್‌ ಅಂಥ ವಿಳಾಸ. ಸ್ಟೇಟ್‌ ಬ್ಯಾಂಕಿನ ‘ಎಸ್‌ಬಿಐಎನ್‌-ಐಎನ್‌-ಬಿಬಿ’ಯಲ್ಲಿ ಮೊದಲ ನಾಲ್ಕು ಅಕ್ಷರ ಬ್ಯಾಂಕಿನವು, ಮುಂದಿನ ಎರಡು ಭಾರತದವು, ಕೊನೆಯ ಎರಡು ನೆಲೆಯವು. ಬೇಕಿದ್ದರೆ ಶಾಖೆಗೆ ಇನ್ನೂ ಮೂರು ಅಕ್ಷರ. ಐಎಫ್‌ಎಸ್‌ಸಿಯಲ್ಲೂ ಹನ್ನೊಂದೇ ಅಕ್ಷರಗಳಿದ್ದರೂ ಅದು ದೇಶದೊಳಗಿನ ವರ್ಗಾವಣೆಗೆ ಮಾತ್ರ. ಕೊಲ್ಲಿ ದೇಶಗಳಿಂದ ಊರಿಗೆ ಹಣ ಕಳುಹಿಸುವ ಕನ್ನಡಿಗರು ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಸ್ವಿಫ್ಟ್‌ ಸಾಗಿಸುವುದು ಸಂದೇಶವನ್ನಷ್ಟೇ. ಹಣದ ಜಮಾ-ಖರ್ಚು ನಡೆಯುವುದು ಬ್ಯಾಂಕುಗಳು ಪರಸ್ಪರ ಇಟ್ಟುಕೊಂಡ ಖಾತೆಗಳಲ್ಲಿ. ಆದರೂ ಸಂದೇಶ ನಿಂತರೆ ವ್ಯವಹಾರ ಉಸಿರುಗಟ್ಟುತ್ತದೆ. ಐರೋಪ್ಯ ಒಕ್ಕೂಟದ ನಿರ್ಬಂಧದಿಂದಾಗಿ 2012ರಲ್ಲಿ ಇರಾನಿನ ಬ್ಯಾಂಕುಗಳನ್ನೂ 2022ರಲ್ಲಿ ರಷ್ಯಾದ ಹಲವು ಬ್ಯಾಂಕುಗಳನ್ನೂ ಈ ಜಾಲದಿಂದ ಹೊರಹಾಕಲಾಯಿತು. ಒಬ್ಬರ ಹಿಡಿತಕ್ಕೆ ಸಿಗಬಾರದೆಂದು ಕಟ್ಟಿದ ಸಹಕಾರಿ ಸಂಸ್ಥೆಗೆ ಸರ್ಕಾರಗಳ ಹಿಡಿತದಿಂದ ತಪ್ಪಿಸಿಕೊಳ್ಳಲಾಗಲಿಲ್ಲ.